ನಾಯಿಯ ಹೊಟ್ಟೆ ಕೆಟ್ಟಾಗ: ಒಬ್ಬ ಹಾಲಿನ ಡೇರಿ ಸೆಕ್ರೆಟರಿಯ ಲೆಕ್ಕದ ಪುಸ್ತಕ

ಹೊಸತೊಡಕಿನ ರಾತ್ರಿ ಕಳೆದು ಇನ್ನೂ ಬೆಳಕಾಗಿರಲಿಲ್ಲ. ಹಜಾರದಿಂದ ‘ಗುಳಕ್, ಗುಳಕ್’ ಎಂಬ ಸದ್ದು ಬಂತು. ನಾಯಿ ಸಾಕಿದವರು ಎಂಥ ನಿದ್ದೆಯಲ್ಲಿದ್ದರೂ ಈ ಸದ್ದಿಗೆ ಎದ್ದು ಕೂರುತ್ತಾರೆ. ದೀಪ ಹಾಕುವಷ್ಟರಲ್ಲಿ ನಮ್ಮ ಬೆಲ್ಲ ಚಾಪೆಯ ಮೇಲೆ ಕಕ್ಕಿ, ಗೋಡೆಗೆ ಮುಖ ಮಾಡಿ ನಿಂತಿದ್ದ. ಬೆಲ್ಲ ಆರು ವರ್ಷದ ಲ್ಯಾಬ್ರಡಾರ್, 32 ಕಿಲೋ ತೂಕ. ಬಣ್ಣ ನೋಡಿ ಮೊಮ್ಮಗಳು ಇಟ್ಟ ಹೆಸರು.

ಹಿಂದಿನ ದಿನ ಮನೆಯಲ್ಲಿ ಹದಿನೆಂಟು ಜನ ನೆಂಟರಿದ್ದರು. ಪ್ರತಿಯೊಬ್ಬರೂ ಅವನಿಗೆ ‘ಒಂದೇ ಒಂದು ತುಂಡು’ ಹಾಕಿದ್ದರು. ಆ ಹದಿನೆಂಟು ತುಂಡುಗಳ ಲೆಕ್ಕ ಈಗ ಚಾಪೆಯ ಮೇಲಿತ್ತು: ಕೊಬ್ಬು, ಚರ್ಮ, ಮೂಳೆಯ ಚೂರು, ಮಸಾಲೆಯ ಕೆಂಪು ಎಣ್ಣೆ.

ಐದೇ ನಿಮಿಷದಲ್ಲಿ ಮನೆಯ ತುಂಬ ವೈದ್ಯರಾದರು. ನಮ್ಮ ಮನೆಯಾಕೆ ಓಮಿನ ಕಷಾಯಕ್ಕೆ ನೀರಿಟ್ಟಳು. ಮಗ ತನ್ನ ಬ್ಯಾಗಿನಿಂದ ಭೇದಿ ಕಟ್ಟುವ ಮಾತ್ರೆ ತೆಗೆದ. ಭಾವಮೈದುನ, “ಭಾವ, ಗೊಟ್ಟದಲ್ಲಿ ಒಂದು ಪಾವು ಹರಳೆಣ್ಣೆ ಹಾಕಿಬಿಡಿ, ಎಲ್ಲ ಕಿತ್ತುಕೊಂಡು ಹೋಗುತ್ತದೆ” ಎಂದ. ಗೊಟ್ಟವೆಂದರೆ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಮೂವರನ್ನೂ ಮಲಗಲು ಕಳಿಸಿದೆ. ಬೆಲ್ಲನ ಮುಂದಿದ್ದ ಅನ್ನದ ತಟ್ಟೆ ಎತ್ತಿಟ್ಟೆ, ನೀರಿನ ಬೋಗುಣಿಯನ್ನೂ ಎತ್ತಿಟ್ಟೆ, ಟಾರ್ಚ್ ಹಿಡಿದು ಚಾಪೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

ನಾನು ಪಶುವೈದ್ಯನಲ್ಲ. ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘದ ಸೆಕ್ರೆಟರಿಯಾಗಿ 27 ವರ್ಷ ಹಾಲಿನ ಡಿಗ್ರಿ, ಫ್ಯಾಟ್ ನೋಡಿ ಪುಸ್ತಕ ಬರೆದವನು. ಈಗ ಒಂದೂವರೆ ಎಕರೆ ದ್ರಾಕ್ಷಿ ಚಪ್ಪರ, ಎರಡು ಹಸು, ಎರಡು ನಾಯಿ. ಸಂಘದಲ್ಲಿದ್ದಾಗ ದನಗಳ ಹೊಟ್ಟೆಯುಬ್ಬರ, ಭೇದಿ ಸಾಕಷ್ಟು ಕಂಡಿದ್ದೇನೆ. ನಮ್ಮ ಕಡೆ ನಾಯಿಗಳಿಗೆ ಆಗುವ ಅರ್ಧ ಅನಾಹುತಕ್ಕೆ ಈ ದನದ ಅನುಭವವೇ ಕಾರಣ. ಹಸುವಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ನಾಯಿಯ ಹೊಟ್ಟೆ ಹೆಚ್ಚುಕಡಿಮೆ ನಮ್ಮದರ ಹಾಗೆ ಒಂದೇ ಚೀಲ, ಬೇಡದ್ದನ್ನು ತಾನೇ ಹೊರಗೆ ಹಾಕುವುದರಲ್ಲಿ ಬಲು ಚುರುಕು. ವಾಂತಿ ಮಾಡುವ ನಾಯಿಯ ಬಾಯಿಗೆ ಗೊಟ್ಟ ಇಟ್ಟು ಎಣ್ಣೆ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಭೇದಿ ಒಂದು ದಿನದ ಕಾಟ, ನ್ಯುಮೋನಿಯಾ ಪ್ರಾಣದ ಕಾಟ.

ಹಾಗಾಗಿ ಮೊದಲ ಕೆಲಸ, ಕೈಯಲ್ಲಿರುವುದನ್ನು ಕೆಳಗಿಡುವುದು. ಎರಡನೆಯ ಕೆಲಸ, ಗಡಿಯಾರ ನೋಡಿ ಹೊತ್ತು ಬರೆದಿಡುವುದು. ಗಡಿಯಾರದ ಮಾತು ಯಾಕೆಂದು ಮುಂದೆ ನಮ್ಮ ಇನ್ನೊಂದು ನಾಯಿ ಮಲ್ಲಿಯ ಕಥೆಯಲ್ಲಿ ಹೇಳುತ್ತೇನೆ.

ಟಾರ್ಚ್ ಬೆಳಕಿನಲ್ಲಿ ನೋಡುವುದು

ಬಂದದ್ದು ವಾಂತಿಯೋ, ಬರೀ ಕಕ್ಕಿದ್ದೋ? ಹೊಟ್ಟೆ ಒಳಗೆ ಹೊರಗೆ ಎಳೆದಾಡಿ, ನಾಯಿ ಗುಳಕ್ ಗುಳಕ್ ಎಂದು ಒದ್ದಾಡಿ ಹೊರಹಾಕಿದರೆ ವಾಂತಿ. ಏನೂ ಒದ್ದಾಟವಿಲ್ಲದೆ, ತಲೆ ತಗ್ಗಿಸಿದ ಕೂಡಲೇ ತಿಂದ ಅನ್ನ ತಿಂದ ಹಾಗೆಯೇ ಜಾರಿ ಬಿದ್ದರೆ ಅದು ಅನ್ನನಾಳದಿಂದ ಮರಳಿದ್ದು. ಗಬಗಬನೆ ತಿನ್ನುವ ನಾಯಿಗೆ ಒಮ್ಮೊಮ್ಮೆ ಹೀಗಾಗುತ್ತದೆ. ಮತ್ತೆ ಮತ್ತೆ ಆದರೆ ಗಂಟಲಿನಲ್ಲೋ ಅನ್ನನಾಳದಲ್ಲೋ ತೊಂದರೆ ಇದೆ, ಅದಕ್ಕೆ ಮನೆಮದ್ದಿಲ್ಲ.

ಆಮೇಲೆ ಒಸಡು. ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ, ಕೋರೆಹಲ್ಲಿನ ಮೇಲಿನ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದ ಜಾಗ ಬಿಳುಪಾಗುತ್ತದೆ. ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪಾದರೆ ರಕ್ತ ಸರಿಯಾಗಿ ಓಡುತ್ತಿದೆ. ನಾನು ‘ಒಂದು ಲೀಟರ್, ಎರಡು ಲೀಟರ್’ ಎಂದು ಎಣಿಸುತ್ತೇನೆ, ಹಳೆಯ ಚಾಳಿ. ಒಸಡು ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ, ಹಳದಿ ತಿರುಗಿದ್ದರೆ, ನೀಲಿಗಟ್ಟಿದ್ದರೆ ಮುಂದಿನ ಸಾಲು ಓದಬೇಡಿ, ಗಾಡಿ ಹತ್ತಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು; ಅಂಥವಕ್ಕೆ ಕಣ್ಣಿನ ಕೆಳರೆಪ್ಪೆಯ ಒಳಗಿನ ಬಣ್ಣ ನೋಡಿ. ಇದೆಲ್ಲಕ್ಕೂ ಮೊದಲು ನಾಯಿ ಚೆನ್ನಾಗಿರುವಾಗಲೇ ಒಮ್ಮೆ ಒತ್ತಿ ನೋಡಿಟ್ಟುಕೊಳ್ಳಿ. ಆರೋಗ್ಯದ ಬಣ್ಣ ಗೊತ್ತಿಲ್ಲದವರಿಗೆ ರೋಗದ ಬಣ್ಣ ಗೊತ್ತಾಗುವುದು ಹೇಗೆ?

ಭುಜದ ಮೇಲಿನ ಚರ್ಮ ಎತ್ತಿ ಬಿಟ್ಟಾಗ ರಪ್ಪನೆ ಕೂರಬೇಕು; ಗುಡಾರದ ಹಾಗೆ ನಿಂತರೆ ನೀರಿನ ಅಭಾವ. ಮೈ ಬಿಸಿಯನ್ನು ಮೂಗು ಮುಟ್ಟಿ ಹೇಳುವ ಪದ್ಧತಿ ಬಿಡಿ, ಅದು ಸುಳ್ಳು. ಡಿಜಿಟಲ್ ಥರ್ಮಾಮೀಟರಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಬೇಕು. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ನಮಗೆ ಜ್ವರವೆನಿಸುವುದು ಅದಕ್ಕೆ ಜ್ವರವಲ್ಲ. ಆ ಥರ್ಮಾಮೀಟರಿಗೆ ಕೆಂಪು ದಾರ ಕಟ್ಟಿಡಿ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೆಲ್ಲನ ಒಸಡು ಒದ್ದೆಯಾಗಿ, ನಸುಗೆಂಪಗಿತ್ತು. ಮೈ ಬಿಸಿ 101.8. ಹೊಟ್ಟೆ ಒತ್ತಿದರೆ ಮೆತ್ತಗಿತ್ತು, ನರಳಲಿಲ್ಲ. ನಾನು ಎದ್ದು ಅಡುಗೆಮನೆಯ ಕಡೆ ಹೆಜ್ಜೆ ಹಾಕಿದ್ದಕ್ಕೆ ಬಾಲವನ್ನೂ ಅಲ್ಲಾಡಿಸಿದ. ಬೆಳಗಿನ ಜಾವ ಐದಾಗುವುದರೊಳಗೆ ಇನ್ನೂ ಎರಡು ಸಲ ವಾಂತಿಯಾಗಿ ನಿಂತಿತು. ಪುಸ್ತಕದಲ್ಲಿ ಬರೆದೆ: ‘3.10, 3.50, 4.45. ಕೊನೆಯದು ಬರೀ ಹಳದಿ ನೊರೆ.’

ಖಾಲಿ ತಟ್ಟೆಯ ಹೊತ್ತು

ವಾಂತಿಯಾಗುತ್ತಿರುವ, ಬೇರೆ ಕಾಯಿಲೆಯಿಲ್ಲದ ದೊಡ್ಡ ನಾಯಿಗೆ 6ರಿಂದ 12 ಗಂಟೆ ಊಟ ಬೇಡ. ಹೊಟ್ಟೆಯ ಒಳಪದರ ಉರಿಯುತ್ತಿರುವಾಗ ಏನು ಹಾಕಿದರೂ ಅದು ಮತ್ತೊಂದು ವಾಂತಿಗೆ ಸರಕು. ಮರಿಗಳಿಗೆ ಈ ಉಪವಾಸ ಸಲ್ಲದು. ಅವುಗಳ ರಕ್ತದ ಸಕ್ಕರೆ ಬೇಗ ಇಳಿದು ಸೆಳವು ಬರಬಹುದು. ಪಮೇರಿಯನ್‌ನಂಥ ಸಣ್ಣ ಜಾತಿಯವು, ಸಕ್ಕರೆ ಕಾಯಿಲೆಯವು, ತೀರಾ ಮುದಿಯಾದವು, ಬಸುರಿಯಾದವು ಇವನ್ನೂ ಉಪವಾಸ ಕೆಡವದೆ ವೈದ್ಯರನ್ನೇ ಕೇಳಿ. ವಾಂತಿಯಿಲ್ಲದೆ ಬರೀ ಭೇದಿಯಾಗಿದ್ದರೆ ಹಸಿವಿಗೆ ಹಾಕುವ ಅಗತ್ಯವೇ ಇಲ್ಲ. ಹಗುರವಾದ ಊಟವನ್ನು ಕೂಡಲೇ ಸ್ವಲ್ಪ ಸ್ವಲ್ಪ ಕೊಡಬಹುದು. ಹಿಂದೆ ಭೇದಿಗೂ ಒಂದು ದಿನ ಲಂಘನ ಎನ್ನುತ್ತಿದ್ದರು. ಈಗಿನ ಪಶುವೈದ್ಯರು ಕರುಳಿಗೆ ಕೆಲಸ ಕೊಟ್ಟರೆ ಅದು ಬೇಗ ಚೇತರಿಸಿಕೊಳ್ಳುತ್ತದೆ ಎನ್ನುತ್ತಾರೆ.

ನೀರಿನ ಬೋಗುಣಿ ಎತ್ತಿಟ್ಟೆ ಎಂದೆನಲ್ಲ, ಅದು ನೀರು ನಿಲ್ಲಿಸಲಿಕ್ಕಲ್ಲ. ವಾಂತಿ ಮಾಡಿದ ನಾಯಿ ಬಾಯಾರಿ ಒಂದೇ ಉಸಿರಿಗೆ ಅರ್ಧ ಲೀಟರ್ ಹೀರುತ್ತದೆ, ಹಿಗ್ಗಿದ ಹೊಟ್ಟೆ ಮರುಕ್ಷಣವೇ ಅದನ್ನು ಒಗೆಯುತ್ತದೆ. ಅರ್ಧ ಗಂಟೆ ಬಿಟ್ಟು, ಬೆಲ್ಲನಂಥ ದೇಹಕ್ಕೆ ನಾಲ್ಕೈದು ಚಮಚ ನೀರನ್ನು ತಟ್ಟೆಗೆ ಹಾಕಿ ಇಡುತ್ತೇನೆ. ನೆಕ್ಕಿ ಮುಗಿಸಿ ನನ್ನ ಮುಖ ನೋಡುತ್ತಾನೆ. ನಾನು ಗೋಡೆ ನೋಡುತ್ತೇನೆ. ಇಪ್ಪತ್ತು ನಿಮಿಷ ಒಳಗೇ ಉಳಿದರೆ ಮತ್ತೆ ಅಷ್ಟು. ಮನೆಯಲ್ಲಿ ಫ್ರಿಜ್ ಇದ್ದರೆ ಮಂಜುಗಡ್ಡೆಯ ಒಂದು ತುಂಡು ನೆಕ್ಕಲು ಕೊಡುವುದೂ ಆದೀತು. ಭೇದಿ ಜಾಸ್ತಿಯಿದ್ದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಹೀಗೆಯೇ ನೆಕ್ಕಿಸಬಹುದು, ಸಾದಾ ನೀರೂ ಪಕ್ಕದಲ್ಲಿರಲಿ. ಸಕ್ಕರೆಯಿಲ್ಲದ್ದು ಎಂದು ಮಾರುವ ಪೊಟ್ಟಣ ತರಬೇಡಿ. ಅಂಥವುಗಳಲ್ಲಿ ಕೆಲವಕ್ಕೆ ಹಾಕುವ ಜೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ. ಒತ್ತಾಯದಿಂದ ಮಾತ್ರ ಏನನ್ನೂ ಕುಡಿಸಬೇಡಿ. ಕೊಟ್ಟ ಚಮಚ ನೀರೂ ನಿಲ್ಲದೆ ಹೊರಬರುತ್ತಿದ್ದರೆ ಮನೆಯ ಪ್ರಯತ್ನ ಅಲ್ಲಿಗೆ ಮುಗಿಯಿತು, ಅದಕ್ಕೆ ಡ್ರಿಪ್ ಬೇಕು.

ಮಾತ್ರೆಗಳ ವಿಷಯ ಚುಟುಕಾಗಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಯಾವುದೂ ಬೇಡ. ಇವು ನಾಯಿಯ ಯಕೃತ್ತು, ಮೂತ್ರಪಿಂಡ, ಹೊಟ್ಟೆಗೆ ಪೆಟ್ಟು ಕೊಡುತ್ತವೆ. ಭೇದಿ ಕಟ್ಟುವ ಲೋಪೆರಮೈಡ್ ಒಳಗಿನ ವಿಷವನ್ನು ಹೊರಹೋಗಲು ಬಿಡದು, ಕೋಲಿ ಜಾತಿಯ ನಾಯಿಗಳಲ್ಲಂತೂ ಮಿದುಳಿಗೇ ಏರುತ್ತದೆ. ಮೆಟ್ರೊನಿಡಜೋಲ್ ನಮ್ಮ ಕಡೆ ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅಳತೆ ಮೀರಿದರೆ ನಾಯಿ ಓಲಾಡಿ ಬೀಳುತ್ತದೆ. ಸಾಧಾರಣ ಭೇದಿಗೆ ಆ್ಯಂಟಿಬಯೋಟಿಕ್ಕೇ ಬೇಕಾಗಿಲ್ಲ.

ಅನ್ನ, ಕೋಳಿ, ಮುದ್ದೆಯ ಜಗಳ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕೊನೆಯ ವಾಂತಿಯಾಗಿ ಆರು ಗಂಟೆ ಕಳೆದ ಮೇಲೆ, ಅನ್ನ ಇಟ್ಟೆ. ಒಂದು ಪಾವು ಅಕ್ಕಿಯನ್ನು ಐದರಷ್ಟು ನೀರಿನಲ್ಲಿ ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಮೆತ್ತಗೆ ಬೇಯಿಸಬೇಕು. ಕೋಳಿಯ ಎದೆಯ ಭಾಗವನ್ನು ಚರ್ಮ, ಮೂಳೆ, ಕೊಬ್ಬು ತೆಗೆದು ಬರೀ ನೀರಿನಲ್ಲಿ ಬೇಯಿಸಿ, ಮೇಲೆ ತೇಲುವ ಜಿಡ್ಡನ್ನು ಚಮಚದಿಂದ ತೆಗೆದು ಹಾಕಿ, ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಬೇಕು. ಎರಡು ಪಾಲು ಅನ್ನಕ್ಕೆ ಒಂದು ಪಾಲು ಕೋಳಿ. ಉಪ್ಪು ಬೇಡ, ಎಣ್ಣೆ ಬೇಡ, ‘ಒಂಚೂರು ರುಚಿಗೆ’ ಎಂದು ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಿನ್ನೆಯ ಸಾರಿನ ತಿಳಿ ಕಲಸುವವರಿಗೆ ಇದು ನೆನಪಿರಲಿ. ಮಾಂಸ ಮಾಡದ ಮನೆಯವರು ಬೇಯಿಸಿದ ಮೊಟ್ಟೆಯ ಬಿಳಿಯನ್ನು ಹಿಸುಕಿ ಕಲಸಬಹುದು. ಅದೂ ಬೇಡವೆಂದರೆ ಕೆನೆ ತೆಗೆದ ಹಾಲಿನ ಪನೀರ್.

ಮೊದಲ ಸಲ ಒಂದು ಹಿಡಿ ಮಾತ್ರ. ಎರಡು ಗಂಟೆ ಒಳಗೇ ನಿಂತರೆ ಇನ್ನೊಂದು ಹಿಡಿ. ಹೀಗೆ ದಿನಕ್ಕೆ ನಾಲ್ಕೈದು ಸಲ, ಮೂರು ದಿನ. ಮಲ ಗಟ್ಟಿಯಾದ ಮೇಲೆ ಹಳೆಯ ಊಟವನ್ನು ಕಾಲುಭಾಗ ಬೆರೆಸಿ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ನಾಲ್ಕೈದು ದಿನದಲ್ಲಿ ಮೊದಲಿನಂತೆ ಮಾಡಬೇಕು. ಬಹಳ ಜನ ಎಡವುವುದು ಇಲ್ಲೇ. ಎರಡನೆಯ ದಿನ ನಾಯಿ ಕುಣಿಯುತ್ತದೆ, ಪಾಪ ಬಡವಾಗಿದೆ ಎಂದು ತಟ್ಟೆ ತುಂಬುತ್ತಾರೆ, ಮೂರನೆಯ ದಿನ ಮತ್ತೆ ಚಾಪೆ ತೊಳೆಯುತ್ತಾರೆ.

ಸಿಹಿಕುಂಬಳ ಮನೆಯಲ್ಲಿದ್ದರೆ ಸಿಪ್ಪೆ, ಬೀಜ ತೆಗೆದು ಬೇಯಿಸಿ ಹಿಸುಕಿ, ದೊಡ್ಡ ನಾಯಿಗೆ ಎರಡು ಮೂರು ಚಮಚ ಕಲಸಿ. ಅದರ ನಾರು ತೆಳ್ಳಗಿನ ಮಲವನ್ನು ಕಟ್ಟುತ್ತದೆ, ಗಟ್ಟಿಯಾದದ್ದನ್ನು ಸಡಿಲಿಸುತ್ತದೆ. ಒಂದೇ ವಸ್ತು ಎರಡಕ್ಕೂ ಆಗುವುದು ನನಗೆ ಈಗಲೂ ಸೋಜಿಗ.

ಮುದ್ದೆಯ ವಿಷಯದಲ್ಲಿ ಮನೆಯಾಕೆಗೂ ನನಗೂ ಜಗಳವಾಗಿದೆ. ರಾಗಿ ತಿಂದರೆ ಎಂಥ ಹೊಟ್ಟೆಯೂ ನಿಲ್ಲುತ್ತದೆ ಎಂಬುದು ಅವಳ ತವರಿನ ಶಾಸ್ತ್ರ. ನಮ್ಮ ಮಲ್ಲಿ ಮುದ್ದೆ ತಿಂದೇ ಬೆಳೆದ ನಾಟಿ ನಾಯಿ, ಆರೋಗ್ಯವಾಗಿರುವಾಗ ಮುದ್ದೆಯ ಮೇಲೆ ನನ್ನ ತಕರಾರಿಲ್ಲ, ಜೊತೆಗೆ ಮೊಟ್ಟೆಯೋ ಮಾಂಸವೋ ಇದ್ದರಾಯಿತು. ಆದರೆ ರಾಗಿಯಲ್ಲಿ ನಾರು ಜಾಸ್ತಿ, ಕೆರಳಿದ ಕರುಳಿಗೆ ಮೊದಲ ಎರಡು ಮೂರು ದಿನ ಅದು ಭಾರ. ಈ ಒಂದು ವಿಷಯದಲ್ಲಿ ನಾನು ಸೋತಿಲ್ಲ.

ಇನ್ನು ಹಾಲು. ಹಾಲಿನ ಸಂಘದವನೇ ಹೇಳುತ್ತಿದ್ದೇನೆ, ಹೊಟ್ಟೆ ಕೆಟ್ಟ ನಾಯಿಗೆ ಹಾಲು ಹಾಕಬೇಡಿ. ಮರಿತನ ದಾಟಿದ ಮೇಲೆ ಬಹುಪಾಲು ನಾಯಿಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುತ್ತದೆ. ವಾರಗಟ್ಟಲೆ ಭೇದಿ ನಿಲ್ಲುತ್ತಿಲ್ಲ ಎಂದು ನನ್ನ ಹತ್ತಿರ ಬಂದವರಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, “ಬೆಳಿಗ್ಗೆ ಹಾಲು ಬಿಸ್ಕತ್ತು ಹಾಕುತ್ತೀರಾ?” ಮೊಸರಿನಲ್ಲಿ ಆ ಸಕ್ಕರೆ ಕಡಿಮೆ, ವಾಂತಿ ಪೂರ್ತಿ ನಿಂತ ಮೇಲೆ ಒಂದೆರಡು ಚಮಚ ಪರವಾಗಿಲ್ಲ.

ಭೇದಿಯನ್ನು ಓದುವುದೂ ಒಂದು ವಿದ್ಯೆ. 27 ವರ್ಷ ಹಾಲಿನ ಬಣ್ಣ, ವಾಸನೆ ನೋಡಿದವನಿಗೆ ಇದೇನು ಅಸಹ್ಯವಲ್ಲ. ದಿನಕ್ಕೆ ಮೂರು ನಾಲ್ಕು ಸಲ, ರಾಶಿ ರಾಶಿ, ನೀರಿನಂತೆ ಹೋದರೆ ತೊಂದರೆ ಸಣ್ಣ ಕರುಳಿನಲ್ಲಿ. ಹತ್ತಾರು ಸಲ ಕೂತು, ತಿಣುಕಿ, ಪ್ರತಿ ಸಲ ಒಂದು ಚಮಚದಷ್ಟು ಲೋಳೆ, ಕೊನೆಯಲ್ಲಿ ಒಂದೆರಡು ಹನಿ ಕೆಂಪು ರಕ್ತ ಬಂದರೆ ದೊಡ್ಡ ಕರುಳಿನಲ್ಲಿ. ಅಷ್ಟು ರಕ್ತ ಕಂಡು ಎದೆ ಒಡೆದುಕೊಳ್ಳಬೇಡಿ, ಆದರೆ ಅದೇ ದಿನ ತೋರಿಸಿ. ಡಾಂಬರಿನಂತೆ ಕಪ್ಪಾಗಿ, ಅಂಟಾಗಿ ಇದ್ದರೆ ರಕ್ತ ಮೇಲ್ಭಾಗದಲ್ಲಿ ಸೋರಿ ಜೀರ್ಣವಾಗಿ ಬಂದಿದೆ, ಕೊಕ್ಕೆಹುಳುವಿನಿಂದಲೂ ಹೀಗಾಗುತ್ತದೆ. ಗುದದ ಸುತ್ತ ಅಕ್ಕಿಕಾಳಿನಂಥದ್ದು ಅಂಟಿದ್ದರೆ ಲಾಡಿಹುಳುವಿನ ತುಂಡು, ಅದು ಬರುವುದು ಚಿಗಟದಿಂದ. ಹುಳುವಿಗೆ ಔಷಧಿ ಕೊಟ್ಟು ಚಿಗಟವನ್ನು ಬಿಟ್ಟರೆ ತಿಂಗಳಲ್ಲಿ ಮತ್ತೆ ಅದೇ ಕಥೆ. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ, ತೂಕ ನೋಡಿ, ಜಂತಿನ ಔಷಧಿ ಹಾಕಿ. ಮರಿಗೆ ಎರಡು ವಾರದ ವಯಸ್ಸಿನಿಂದಲೇ ಶುರು.

ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ಪಿತ್ತ ಕಕ್ಕಿ, ಆಮೇಲೆ ಏನೂ ಆಗಿಲ್ಲವೆಂಬಂತೆ ತಿನ್ನುವ ನಾಯಿಗೆ ರಾತ್ರಿ ಮಲಗುವ ಮುಂಚೆ ಸ್ವಲ್ಪ ಏನಾದರೂ ಕೊಟ್ಟು ನೋಡಿ. ಹುಲ್ಲು ತಿನ್ನುವುದು ನಾಯಿಯ ಸ್ವಭಾವ, ಅದಕ್ಕೆ ಗಾಬರಿ ಬೇಡ. ಔಷಧಿ ಹೊಡೆದ ಬದುವಿನ ಹುಲ್ಲಾಗದಿದ್ದರೆ ಸಾಕು.

ನಮ್ಮ ತೋಟದಲ್ಲೇ ಇರುವುದು

ಚಿಕ್ಕಬಳ್ಳಾಪುರದಲ್ಲಿ ಈ ಮಾತು ಹೇಳಿದರೆ ಜನ ನಗುತ್ತಾರೆ: ದ್ರಾಕ್ಷಿ ನಾಯಿಗೆ ವಿಷ. ಬೆಂಗಳೂರು ಬ್ಲೂ ಆಗಲಿ, ದಿಲ್‌ಖುಷ್ ಆಗಲಿ, ಬೀಜವಿರಲಿ ಬಿಡಲಿ, ಒಣದ್ರಾಕ್ಷಿಯಂತೂ ಇನ್ನೂ ಕೇಡು. ತಿಂದ ಒಂದು ದಿನದೊಳಗೆ ವಾಂತಿ ಶುರುವಾಗಿ, ಒಂದರಿಂದ ಮೂರು ದಿನದಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಇಷ್ಟು ತಿಂದರೆ ಅಪಾಯವಿಲ್ಲ ಎಂಬ ಅಳತೆ ಯಾವ ವೈದ್ಯರ ಬಳಿಯೂ ಇಲ್ಲ. “ಸೆಕ್ರೆಟರಿ ಅಣ್ಣ, ನಮ್ಮ ನಾಯಿ ಹುಟ್ಟಿದಾಗಿನಿಂದ ಚಪ್ಪರದ ಕೆಳಗೇ ಬೆಳೆದಿದೆ, ಉದುರಿದ್ದೆಲ್ಲ ತಿನ್ನುತ್ತದೆ, ಏನಾಗಿದೆ?” ಎಂದು ಕೇಳಿದವರಿದ್ದಾರೆ. ಅದೂ ನಿಜವೇ. ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ. ಹಾಗೆ ಕೇಳಿದವರೊಬ್ಬರ ಮನೆಯ ಎರಡನೆಯ ನಾಯಿ, ಕ್ರೇಟ್ ತುಂಬುವಾಗ ಆಯ್ದು ಬಿಸಾಡಿದ ಗೊಂಚಲಿನ ರಾಶಿಗೆ ಬಾಯಿ ಹಾಕಿತು. ಮರುದಿನ ಎರಡು ವಾಂತಿ. ಬಿಸಿಲಿಗೆ ಎಂದುಕೊಂಡರು. ಮೂರನೆಯ ದಿನ ಅದು ಉಚ್ಚೆ ಹೊಯ್ಯಲಿಲ್ಲ. ನಾನು ಹೋಗಿ ನೋಡುವಾಗ ನಲ್ಲಿಯ ಕೆಳಗೆ ಒದ್ದೆ ನೆಲದ ಮೇಲೆ ಮಲಗಿತ್ತು, ಬಾಯಿಂದ ಒಂದು ಥರದ ಕೆಟ್ಟ ವಾಸನೆ. ಉಳಿಯಲಿಲ್ಲ.

ಒಂದಕ್ಕೆ ಆಗಿ ಇನ್ನೊಂದಕ್ಕೆ ಆಗದಿರುವುದಕ್ಕೆ ಕಾರಣ ಬಹಳ ವರ್ಷ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೊಟ್ಟು ಮಾಡಿದರು. ಹಣ್ಣಿನ ತಳಿ, ಬಲಿತ ಹದ ಇವುಗಳಿಗೆ ತಕ್ಕಂತೆ ಅದು ಏರಿಳಿಯುತ್ತದೆ. ಆ ಆಮ್ಲ ಇನ್ನೊಂದರಲ್ಲಿ ಹೇರಳವಾಗಿದೆ: ಹುಣಸೆಹಣ್ಣಿನಲ್ಲಿ. ಹುಣಸೆ ಬಡಿದು ಬೀಜ ಬಿಡಿಸುವ ಕಾಲದಲ್ಲಿ ಅಂಗಳದಲ್ಲಿ ಹರಡಿದ ಹಣ್ಣಿನ ಹತ್ತಿರ ನಾಯಿಯನ್ನು ಬಿಡಬೇಡಿ. ದ್ರಾಕ್ಷಿಯೋ ಹುಣಸೆಯೋ ತಿಂದದ್ದು ಕಂಡರೆ ವಾಂತಿಗಾಗಿ ಕಾಯಬಾರದು. ಮೊದಲ ಒಂದೆರಡು ಗಂಟೆಯೊಳಗೆ ವೈದ್ಯರು ಚುಚ್ಚುಮದ್ದಿನಿಂದ ವಾಂತಿ ಮಾಡಿಸುತ್ತಾರೆ, ಡ್ರಿಪ್ ಹಾಕಿ ಎರಡು ದಿನ ರಕ್ತ ಪರೀಕ್ಷೆ ನೋಡುತ್ತಾರೆ. ಉಪ್ಪುನೀರು ಕುಡಿಸಿ ನೀವೇ ವಾಂತಿ ಮಾಡಿಸಲು ಹೋಗಬೇಡಿ. ಆ ಉಪ್ಪೇ ಮಿದುಳಿಗೆ ಏರಿ ನಾಯಿ ಸತ್ತದ್ದಿದೆ.

ಬಳ್ಳಿಗೆ ಹೊಡೆಯಲು ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನ ತಳ ನೆಕ್ಕಿದ ನಾಯಿಯ ವಾಂತಿ ನೀಲಿಹಸಿರಾಗಿರುತ್ತದೆ, ಮೈಲುತುತ್ತದ ಬಣ್ಣ. ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು, ಕಣ್ಣೀರು, ಭೇದಿ ಒಟ್ಟಿಗೆ ಹರಿಯುತ್ತವೆ, ಮಾಂಸಖಂಡ ಅದುರುತ್ತದೆ. ಎರಡಕ್ಕೂ ಔಷಧಿಯ ಡಬ್ಬಿಯನ್ನೇ ಎತ್ತಿಕೊಂಡು ವೈದ್ಯರ ಬಳಿ ಓಡಬೇಕು, ಹೆಸರು ನೆನಪಿಟ್ಟುಕೊಂಡಲ್ಲ.

ಈಗ ಮಲ್ಲಿಯ ಕಥೆ. ಮೂರು ವರ್ಷದ ಹಿಂದೆ, ಮುಸುಕಿನ ಜೋಳ ಸುಟ್ಟು ತಿಂದು ಮಕ್ಕಳು ದಿಂಡು ಬಿಸಾಡಿದ್ದರು. ಮಲ್ಲಿ ದಿನಕ್ಕೆ ಒಂದೆರಡು ಸಲ ವಾಂತಿ ಮಾಡುವುದು, ಮಧ್ಯೆ ಚೆನ್ನಾಗಿರುವುದು, ಅನ್ನ ಕೊಟ್ಟರೆ ತಿನ್ನುವುದು, ಮತ್ತೆ ಕಕ್ಕುವುದು. ನನಗೆ ನನ್ನ ಪಥ್ಯದ ಮೇಲೆ ಅಹಂಕಾರ. ನಾಲ್ಕು ದಿನ ಗಂಜಿ ಕೊಟ್ಟುಕೊಂಡು ಕೂತೆ. ನಾಲ್ಕನೆಯ ದಿನ ಮಲವೂ ನಿಂತಿತ್ತು. ಬೆಂಗಳೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿದಾಗ ಕರುಳಿನಲ್ಲಿ ಹೆಬ್ಬೆರಳಿನಷ್ಟು ದಿಂಡು, ಬಿರಡೆಯ ಹಾಗೆ. ಕರುಳಿನ ಒಂದು ತುಂಡನ್ನೇ ಕತ್ತರಿಸಬೇಕಾಯಿತು. ಮೊದಲ ದಿನವೇ ತಂದಿದ್ದರೆ ಅಷ್ಟು ಬೇಡವಾಗಿತ್ತು ಎಂದು ವೈದ್ಯರು ಹೇಳಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಂದಿನಿಂದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ: 24 ಗಂಟೆ. ಅಷ್ಟರೊಳಗೆ ಸ್ಪಷ್ಟವಾಗಿ ಮೇಲಾಗದಿದ್ದರೆ ನನ್ನ ಯಜಮಾನಿಕೆ ಮುಗಿಯಿತು. ಭೇದಿ ಮಾತ್ರವಿದ್ದು ನಾಯಿ ಲವಲವಿಕೆಯಿಂದ ಇದ್ದರೆ 48. ಮಾವಿನ ಕಾಲದಲ್ಲಿ ಓಟೆಯೂ ಇದೇ ಕೆಲಸ ಮಾಡುತ್ತದೆ, ಜಾರುತ್ತದೆ ಎಂದು ನಾಯಿ ನುಂಗಿಬಿಡುತ್ತದೆ. ಬೇಯಿಸಿದ ಮೂಳೆ ಸಿಗಿದು ಸೂಜಿಯಾಗುತ್ತದೆ, ಇಲ್ಲವೇ ಪುಡಿಯಾಗಿ ಮಲವನ್ನು ಸಿಮೆಂಟಿನಂತೆ ಕಟ್ಟುತ್ತದೆ.

ಗಡಿಯಾರವನ್ನೂ ನೋಡದೆ ಹೊರಡಬೇಕಾದದ್ದು

ಹೊಟ್ಟೆ ತಮಟೆಯಂತೆ ಬಿಗಿದು, ನಾಯಿ ವಾಂತಿಗೆ ಎಳೆದರೂ ನೊರೆ ಬಿಟ್ಟು ಏನೂ ಬರದೆ, ಕೂರಲಾರದೆ ನಿಲ್ಲಲಾರದೆ ಸುತ್ತಿದರೆ ಹೊಟ್ಟೆಯ ಚೀಲ ಗಾಳಿ ತುಂಬಿ ತಿರುಚಿಕೊಂಡಿರಬಹುದು. ಜರ್ಮನ್ ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ನಾಯಿಗಳಲ್ಲಿ ಇದು ಹೆಚ್ಚು. ಕೆಲವೇ ಗಂಟೆಗಳ ಮಾತು, ಶಸ್ತ್ರಚಿಕಿತ್ಸೆಯೊಂದೇ ದಾರಿ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ದೇವರಿಗೆ ಅಡ್ಡಬಿದ್ದಂತೆ ಮತ್ತೆ ಮತ್ತೆ ನಿಂತರೆ ಹೊಟ್ಟೆಯಲ್ಲಿ ಜೋರು ನೋವಿದೆ. ಕೊಬ್ಬು ತಿಂದ ಮೇಲೆ ಮೇದೋಜೀರಕ ಗ್ರಂಥಿ ಊದಿಕೊಂಡಾಗ ಹೀಗೆ ಮಾಡುತ್ತವೆ. ಬೆಲ್ಲನಲ್ಲಿ ಆ ರಾತ್ರಿ ನಾನು ಹೆದರಿದ್ದು ಇದಕ್ಕೇ.

ಮರಿ ಮಂಕಾಗಿ, ವಾಂತಿ ಮಾಡಿ, ನಾರುವ ರಕ್ತಭೇದಿ ಹೋದರೆ ಪಾರ್ವೊ ಎಂಬ ವೈರಸ್ ಕಾಯಿಲೆ ಎಂದೇ ತಿಳಿಯಿರಿ. ನಮ್ಮ ಗುಂಡ ಹತ್ತು ವಾರದವನು. ಹೊಸ ಮನೆಗೆ ಹೊಂದಿಕೊಳ್ಳಲಿ, ಮುಂದಿನ ವಾರ ಲಸಿಕೆ ಹಾಕಿಸೋಣ ಎಂದು ಎರಡು ವಾರ ತಳ್ಳಿದವನು ನಾನೇ. ಮೂರು ದಿನ ಇದ್ದ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ನಡೆಯಬೇಕು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲಿಗೆ ಜಗ್ಗದು; ಸಿಮೆಂಟ್ ನೆಲಕ್ಕೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ತೊಳೆಯಬೇಕು. ನಮ್ಮ ಅಂಗಳಕ್ಕೆ ಆಮೇಲೆ ಒಂದು ವರ್ಷ ಮರಿ ತರಲಿಲ್ಲ.

ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿದ್ದರೆ ಕಿವಿಯ ಸಂದಿ, ಕಾಲ್ಬೆರಳ ನಡುವೆ ರಕ್ತ ಹೀರುವ ಉಣ್ಣಿ ಇದೆಯೇ ಹುಡುಕಿ. ಉಣ್ಣಿ ಜ್ವರವೂ ಹೊಟ್ಟೆಯ ಕಾಯಿಲೆಯ ವೇಷದಲ್ಲಿ ಬರುತ್ತದೆ. ರಕ್ತ ಪರೀಕ್ಷೆಯಿಲ್ಲದೆ ಗೊತ್ತಾಗದು.

ಊರಿನ ಪಶು ಆಸ್ಪತ್ರೆಗೆ ಬೆಳಿಗ್ಗೆ ಬೇಗ ಹೋದರೆ ವೈದ್ಯರು ಸಿಗುತ್ತಾರೆ, ಮಧ್ಯಾಹ್ನದ ಮೇಲೆ ಅವರು ದನಗಳಿಗಾಗಿ ಹಳ್ಳಿ ಸುತ್ತುತ್ತಿರುತ್ತಾರೆ. 1962 ಸಂಖ್ಯೆಯ ಸಂಚಾರಿ ಚಿಕಿತ್ಸೆಯ ಗಾಡಿಯೂ ಮುಖ್ಯವಾಗಿ ದನಕರುಗಳಿಗೇ. ಸ್ಕ್ಯಾನ್, ಶಸ್ತ್ರಚಿಕಿತ್ಸೆ ಎಂದರೆ ನಮಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ಹೊರಡುವ ಮುಂಚೆ ಫೋನ್ ಮಾಡಿ. ಮುಚ್ಚಳವಿರುವ ಡಬ್ಬಿಯಲ್ಲಿ ತಾಜಾ ಮಲ, ಮೊಬೈಲಿನಲ್ಲಿ ವಾಂತಿಯ ಫೋಟೋ, ಲಸಿಕೆಯ ಪುಸ್ತಕ, ನಾಯಿಯ ತೂಕ, ಎಷ್ಟು ಹೊತ್ತಿಗೆ ಏನಾಯಿತು ಎಂಬ ಚೀಟಿ ಜೊತೆಗಿರಲಿ. “ನಿನ್ನೆಯಿಂದ ಹುಷಾರಿಲ್ಲ ಡಾಕ್ಟ್ರೇ” ಎನ್ನುವುದಕ್ಕೂ ‘3.10, 3.50, 4.45’ ಎನ್ನುವುದಕ್ಕೂ ಅವರ ಮುಖದಲ್ಲೇ ವ್ಯತ್ಯಾಸ ಕಾಣುತ್ತದೆ.

ಬೆಲ್ಲನನ್ನು ಒಯ್ಯಬೇಕಾಗಲಿಲ್ಲ. ಹನ್ನೊಂದಕ್ಕೆ ಕೊಟ್ಟ ಹಿಡಿ ಅನ್ನ ನಿಂತಿತು. ಮರುದಿನ ಮಲದಲ್ಲಿ ಎರಡು ಮೂಳೆ ಚೂರು ಸಿಕ್ಕವು, ನಾಲ್ಕನೆಯ ದಿನಕ್ಕೆ ಗಟ್ಟಿಯಾಯಿತು. ಈ ವರ್ಷದ ಹೊಸತೊಡಕಿಗೆ ಅವನನ್ನು ಬೆಳಿಗ್ಗೆಯೇ ಕೊಟ್ಟಿಗೆಯಲ್ಲಿ ಕಟ್ಟಿ, ನನ್ನ ಎಲೆಯನ್ನೂ ಅಲ್ಲಿಗೇ ತರಿಸಿಕೊಂಡು ಬಾಗಿಲಲ್ಲಿ ಕೂತೆ. ಕೈ ಹಿಂದೆ ಕಟ್ಟಿಕೊಂಡು, ಬೆಲ್ಲನನ್ನು ಸುಮ್ಮನೆ ನೋಡಿಕೊಂಡು ಹೋಗಲು ಬಂದವರು ಹನ್ನೊಂದು ಜನ. ಹೆಸರು, ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಭಾವಮೈದುನನದು ಎರಡು ಸಲ ಇದೆ.